ಬೆನ್ನ ಹಿಂದಿನ ನಾಲ್ಕು ಪೈಪು: ಡೈವಿಂಗ್ ಗೇಜ್, ಆಕ್ಟೋಪಸ್ ಎಲ್ಲಿರಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಗೋಕುಲ ರಸ್ತೆಯಲ್ಲಿ ಜೆಸಿಬಿ, ಟ್ರ್ಯಾಕ್ಟರ್‌ಗಳಿಗೆ ಹೈಡ್ರಾಲಿಕ್ ಪೈಪು ಮಾಡಿಕೊಡುವ ಅಂಗಡಿ ಇದೆ. ಎರಡು ವರ್ಷದ ಹಿಂದೆ ಮುರುಡೇಶ್ವರದಲ್ಲಿ ಸ್ಕೂಬಾ ಕೋರ್ಸ್ ಮುಗಿಸಿದೆ. ಅಲ್ಲಿನ ನೇತ್ರಾಣಿ ದ್ವೀಪದಲ್ಲಿ 14 ಡೈವ್ ಆಗಿವೆ. ಈಚೆಗೆ ಸ್ವಂತ ರೆಗ್ಯುಲೇಟರ್ ಸೆಟ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಮಾನು) ಕೊಂಡಿದ್ದೇನೆ. ಮೂರು ಗೇಜ್ ಇರುವ ದೊಡ್ಡ ಕನ್ಸೋಲ್ ಕೆಳಗೆ ನೇತಾಡಿ ಬಂಡೆಗೆ ಬಡಿಯುತ್ತದೆ. ಹಳದಿ ಆಕ್ಟೋಪಸ್ (ಬಾಯಿಗಿಡುವ ಎರಡನೇ ರೆಗ್ಯುಲೇಟರ್) ಕಳಚಿಕೊಂಡು ಹಿಂದೆ ಎಳೆದಾಡುತ್ತದೆ. ಹೋದ ಸಲ ಗೈಡ್ ಬೈದರು. ನನ್ನ ಎತ್ತರ 5 ಅಡಿ 4 ಇಂಚು, ಪೈಪುಗಳು ಉದ್ದ ಆದವು ಅನಿಸುತ್ತದೆ. ಯಾವುದನ್ನು ಎಲ್ಲಿ ಇಡಬೇಕು? ಪೈಪನ್ನು ನನ್ನ ಅಂಗಡಿಯಲ್ಲೇ ಕತ್ತರಿಸಿ ಗಿಡ್ಡ ಮಾಡಬಹುದಾ?

ಉತ್ತರ:

ಮೊದಲು ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಬೇಡ. ಕತ್ತರಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಉಳಿದ ಪ್ರಶ್ನೆಗಳನ್ನು ಓದಿ ನಿಜವಾಗಿ ಖುಷಿಯಾಯಿತು. ದಿನವಿಡೀ ಪೈಪಿನ ಜೊತೆ ಕೆಲಸ ಮಾಡುವವರು ನೀವು. ಪೈಪನ್ನು ಎಷ್ಟು ಬಗ್ಗಿಸಬಹುದು, ಫಿಟ್ಟಿಂಗ್ ಹತ್ತಿರವೇ ಯಾಕೆ ಬೇಗ ಬಿರುಕು ಬಿಡುತ್ತದೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ಅರ್ಧ ಪಾಠ ಅಲ್ಲಿಗೇ ಮುಗಿಯಿತು.

ನಾನು ಧಾರವಾಡದವನು. ಸೀಸನ್ ಬಂದರೆ ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಕರಾವಳಿಗೆ ಹೋಗಿ ಡೈವಿಂಗ್ ಕಲಿಸುತ್ತೇನೆ. ಹೊಸಬರಿಗೆ ನಾನು ಮೊದಲು ಹೇಳುವುದು ಕಡ್ಡಿಪೆಟ್ಟಿಗೆ ವಿಷಯ. ರಾತ್ರಿ ಕರೆಂಟ್ ಹೋದಾಗ ನಮ್ಮ ಅವ್ವ ಕತ್ತಲಲ್ಲೇ ಎದ್ದು ಹೋಗಿ ಕಡ್ಡಿಪೆಟ್ಟಿಗೆ ತರುತ್ತಿದ್ದಳು. ತಡಕಾಡುತ್ತಿರಲಿಲ್ಲ. ಅದು ಒಲೆಯ ಮೇಲಿನ ಗೂಡಿನ ಬಲ ಮೂಲೆಯಲ್ಲೇ ಇರಬೇಕು. ಬೇರೆ ಕಡೆ ಇಟ್ಟವರಿಗೆ ಬೈಗುಳ. ಡೈವಿಂಗ್ ಸಾಮಾನೂ ಹಾಗೇ. ಒಂದೊಂದಕ್ಕೂ ಒಂದೇ ಜಾಗ, ಕಣ್ಣು ಮುಚ್ಚಿದರೂ ಕೈ ನೇರ ಅಲ್ಲಿಗೇ ಹೋಗಬೇಕು. ಮಾಸ್ಕ್ ಹಾಕಿದ ಮೇಲೆ ನಿಮ್ಮ ಎದೆ ನಿಮಗೇ ಕಾಣಿಸುವುದಿಲ್ಲ, ಗಮನಿಸಿದ್ದೀರಾ? ಗದ್ದದ ಕೆಳಗಿನದು ಏನೂ ಕಾಣುವುದಿಲ್ಲ. ಅಲ್ಲಿ ಕೈಯೇ ಕಣ್ಣು.

ಇದಕ್ಕೆ ಇಷ್ಟು ಒತ್ತು ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ಮಾಮೂಲಿ ಅಲ್ಯುಮಿನಿಯಂ ಸಿಲಿಂಡರ್‌ನ ಒಳಗಿನ ಜಾಗ 11.1 ಲೀಟರ್. ಗೇಜ್‌ನ ಮುಳ್ಳು 50 ಬಾರ್‌ಗೆ (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಬಂತು ಅಂದರೆ ಉಳಿದಿರುವುದು ಸುಮಾರು 555 ಲೀಟರ್ ಗಾಳಿ. 20 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ 3 ಪಟ್ಟು, ಹಾಗಾಗಿ ಗಾಳಿಯೂ 3 ಪಟ್ಟು ಖರ್ಚು. ಗಾಬರಿಯಾದ ಮನುಷ್ಯ ಮೇಲೆ ನಿಮಿಷಕ್ಕೆ 30 ಲೀಟರ್ ಉಸಿರಾಡಿದರೆ ಅಲ್ಲಿ 90. ಜೊತೆಗಾರನ ಗಾಳಿ ಮುಗಿದು ನಿಮ್ಮ ಆಕ್ಟೋಪಸ್ ಬಾಯಿಗಿಟ್ಟುಕೊಂಡ ಅಂದರೆ ಇಬ್ಬರಿಗೆ 180. ಅಂದರೆ ಆ 555 ಲೀಟರ್ ಅದೇ ಆಳದಲ್ಲಿ ಹತ್ತಿರಹತ್ತಿರ 3 ನಿಮಿಷಕ್ಕೆ ಖಾಲಿ. ನಿಮಿಷಕ್ಕೆ 9 ಮೀಟರ್ ಲೆಕ್ಕದಲ್ಲಿ ಮೇಲೆ ಬರಲು ಎರಡು ನಿಮಿಷದ ಮೇಲೆ ಬೇಕು. ಮೇಲೇರಿದಂತೆ ಖರ್ಚು ಕಡಿಮೆಯಾಗುತ್ತದೆ, ನಿಜ. ಆದರೆ ಆಕ್ಟೋಪಸ್ ಎಲ್ಲಿದೆ ಅಂತ ಹುಡುಕುತ್ತಾ ಕಳೆಯಲು ನಿಮ್ಮ ಹತ್ತಿರ ಅರ್ಧ ನಿಮಿಷವೂ ಇಲ್ಲ.

ಹಾಗಾಗಿ ಆಕ್ಟೋಪಸ್‌ನಿಂದಲೇ ಶುರು ಮಾಡುತ್ತೇನೆ. ಅದು ನಿಮ್ಮದಲ್ಲ, ಜೊತೆಗಾರನದು. ಬಣ್ಣ ಹಳದಿ ಇರುವುದೇ ಅವನ ಕಣ್ಣಿಗೆ ಬೀಳಲಿ ಅಂತ. ಗದ್ದದಿಂದ ಪಕ್ಕೆಲುಬಿನ ಕೆಳಗಿನ ಎರಡು ಮೂಲೆಗೆ ಗೆರೆ ಎಳೆದರೆ ಒಂದು ತ್ರಿಕೋನ ಆಗುತ್ತದೆ. ಆಕ್ಟೋಪಸ್ ಅದರೊಳಗೇ ಇರಬೇಕು. ಎದುರಿಗೆ ಬಂದವನ ಕಣ್ಣು ಮೊದಲು ಬೀಳುವುದು ಅಲ್ಲಿಗೆ. ಸೊಂಟದ ಹತ್ತಿರ ನೇತಾಡಿದರೆ ಕಾಣುವುದಿಲ್ಲ. ಗಾಳಿ ತುಂಬಿ ತೇಲಲು ಹಾಕಿಕೊಳ್ಳುವ ಜಾಕೆಟ್‌ನ ಜೇಬಿಗೆ ತುರುಕಿದರೆ ಬೇಕಾದಾಗ ಬರುವುದಿಲ್ಲ. ಹಿಂದೆ ಎಳೆದಾಡುತ್ತಿದ್ದರೆ ಬಾಯಿಗಿಡುವ ಕಡೆ ಮರಳು ಸೇರುತ್ತದೆ, ಆಮೇಲೆ ಆ ಮರಳು ವಾಲ್ವ್‌ನ ಒಳಗೂ ಹೋಗುತ್ತದೆ. ಗೈಡ್ ಬೈದದ್ದು ಇದಕ್ಕೇ ಇರಬೇಕು. ಅವರ ಮೇಲೆ ಬೇಜಾರು ಮಾಡ್ಕೋಬೇಡಿ.

ಅದನ್ನು ಹಿಡಿದಿಡಲು ಸಿಲಿಕಾನ್ ಹೋಲ್ಡರ್ ಸಿಗುತ್ತದೆ, ಅಯಸ್ಕಾಂತದ ಕ್ಲಿಪ್ ಸಿಗುತ್ತದೆ. ಯಾವುದಾದರೂ ಆಗಲಿ, ಒಂದು ಜಗ್ಗಿಗೆ ಬಿಡಬೇಕು, ಈಜುವಾಗ ತಾನಾಗಿ ಬಿಡಬಾರದು. ನೀವೇ ಜಗ್ಗಿ ನೋಡಿ. ಆಮೇಲೆ ಡೈವಿಂಗ್ ಗೊತ್ತಿಲ್ಲದ ಮನೆಯವರ ಕೈಲೂ ಜಗ್ಗಿಸಿ. ಗಾಬರಿಯಾದವನ ಕೈಗೂ ಡೈವಿಂಗ್ ಗೊತ್ತಿಲ್ಲದವರ ಕೈಗೂ ಜಾಸ್ತಿ ವ್ಯತ್ಯಾಸ ಇರುವುದಿಲ್ಲ. ಗುಂಡಿ ಒತ್ತಿ ಬಿಡಿಸಬೇಕಾದ ಕ್ಲಿಪ್ ಅಲ್ಲಿ ಬೇಡವೇ ಬೇಡ.

ಇಡುವಾಗ ಬಾಯಿಗಿಡುವ ಕಡೆ ಕೆಳಮುಖ ಇರಲಿ. ಮೇಲ್ಮುಖ ಇದ್ದರೆ ನೀರಿಗೆ ಹಾರಿದ ಕೂಡಲೇ ಗಾಳಿ ಭುಸ್ ಅಂತ ತಾನಾಗಿ ಹರಿಯತೊಡಗುತ್ತದೆ. ಕೊಡುವಾಗ ಪೈಪನ್ನು ಬಾಯಿಗಿಡುವ ತುದಿಯ ಹತ್ತಿರವೇ ಹಿಡಿಯಿರಿ, ಮುಂದಿನ ಗುಂಡಿ ಅವನ ಕಡೆಗೆ ತೆರೆದಿರಲಿ. ಗುಂಡಿಯನ್ನೇ ಮುಷ್ಟಿಯಲ್ಲಿ ಹಿಡಿದರೆ ಅವನು ಒತ್ತಿ ನೀರು ಹೊರಹಾಕುವುದು ಹೇಗೆ? ತಲೆಕೆಳಗಾಗಿ ಕೊಟ್ಟರೂ ತೊಂದರೆ. ಉಸಿರು ಬಿಡುವ ರಂಧ್ರ ಮೇಲಾಗಿ ಗಾಳಿಯ ಜೊತೆ ಉಪ್ಪುನೀರೂ ಗಂಟಲಿಗೆ ಹೋಗುತ್ತದೆ.

ಪೈಪಿನ ದಾರಿ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ಆಕ್ಟೋಪಸ್ ಪೈಪು ಬಲ ತೋಳಿನ ಕೆಳಗಿಂದ ಬರಲಿ. ಭುಜದ ಮೇಲಿಂದ ಬಂದರೆ ಕಿವಿ ಪಕ್ಕದಲ್ಲಿ ಕಮಾನಿನ ಹಾಗೆ ಎದ್ದು ನಿಲ್ಲುತ್ತದೆ. ಹಳೇ ಮೀನಿನ ಬಲೆಯ ತುಂಡೋ ಗಾಳದ ದಾರವೋ ಸಿಕ್ಕಿಕೊಳ್ಳಲು ಅದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ. ತೋಳಿನ ಕೆಳಗಿಂದ ಬಂದರೆ ಪೈಪು ಮೈಗೆ ಅಂಟಿಕೊಂಡಿರುತ್ತದೆ. 2.1 ಮೀಟರ್ ಅಂದರೆ 7 ಅಡಿಯ ಪೈಪು ಹಾಕಿಕೊಳ್ಳುವವರೂ ಇದ್ದಾರೆ. ಬಾಯಲ್ಲಿ ಇರುವುದನ್ನೇ ಜೊತೆಗಾರನಿಗೆ ಕೊಟ್ಟು, ಎಲಾಸ್ಟಿಕ್ ಹಗ್ಗದಲ್ಲಿ ಕೊರಳಿಗೆ ತೂಗುಹಾಕಿದ ಇನ್ನೊಂದನ್ನು ತಾವು ಬಾಯಿಗಿಟ್ಟುಕೊಳ್ಳುತ್ತಾರೆ. ಅಮೆರಿಕದ ಫ್ಲಾರಿಡಾದಲ್ಲಿ ನೀರು ತುಂಬಿದ ಗುಹೆಗಳಲ್ಲಿ ಈಜುವವರು ರೂಢಿಗೆ ತಂದ ಪದ್ಧತಿ ಇದು. ಇಕ್ಕಟ್ಟಾದ ಸಂದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕಾದಲ್ಲಿ ಅಷ್ಟು ಉದ್ದ ಬೇಕೇ ಬೇಕು. ಒಳ್ಳೆಯ ಪದ್ಧತಿ, ಆದರೆ ಬೇರೆ ತರಬೇತಿ ಬೇಕು. ನೇತ್ರಾಣಿಯ ತೆರೆದ ನೀರಿನಲ್ಲಿ 14 ಡೈವ್ ಆದ ನಿಮಗೆ ಈಗಲೇ ಅದು ಬೇಡ.

ಈಗ ಕನ್ಸೋಲ್. ಇದರ ಬಗ್ಗೆ ನನಗೆ ಒಂದು ನೆನಪಿದೆ. ಕಲಿಸಲು ಶುರು ಮಾಡಿದ ಹೊಸದರಲ್ಲಿ ನಾನೂ ನಿಮ್ಮ ಹಾಗೇ ಮೂರು ಗೇಜ್‌ನ ಕನ್ಸೋಲ್ ಬಿಟ್ಟುಕೊಂಡು ಈಜುತ್ತಿದ್ದೆ. ಒಂದು ಸಲ ಸುಮಾರು 14 ಮೀಟರ್ ಆಳದಲ್ಲಿ ಮುಂದಿದ್ದ ವಿದ್ಯಾರ್ಥಿಯ ಮಾಸ್ಕ್‌ಗೆ ನೀರು ತುಂಬಿತು. ಅವನು ಕೈಕಾಲು ಬಡಿಯತೊಡಗಿದ. ನಾನು ಜೋರಾಗಿ ಕಾಲು ಒದ್ದು ಮುಂದೆ ಹೋದೆ. ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಯಿತು. ಕನ್ಸೋಲ್ ಎರಡು ಬಂಡೆಗಳ ಸಂದಿಗೆ ಜಾರಿ ಅಡ್ಡ ತಿರುಗಿ ಸಿಕ್ಕಿಹಾಕಿಕೊಂಡಿತ್ತು. ಹಿಂದೆ ಬಂದು, ತಿರುಗಿಸಿ, ಬಿಡಿಸಿಕೊಳ್ಳಬೇಕಾಯಿತು. ಅಷ್ಟರಲ್ಲಿ ನನ್ನ ಜೊತೆಗಿದ್ದ ಇನ್ನೊಬ್ಬರು ಹುಡುಗನ ಭುಜ ಹಿಡಿದು ಸಮಾಧಾನ ಮಾಡಿದ್ದರು. ನಾನು ಕಳೆದುಕೊಂಡದ್ದು ಹತ್ತು ಸೆಕೆಂಡ್ ಇರಬಹುದು. ಆ ಹತ್ತು ಸೆಕೆಂಡ್ ನನಗೆ ಇವತ್ತಿಗೂ ಮರೆತಿಲ್ಲ. ಕನ್ಸೋಲ್ ತೆಗೆದಾಗ ಅದರ ಅಂಚಿಗೆ ಒಂದು ಚೂರು ಹವಳ ಮುರಿದು ಅಂಟಿತ್ತು. ಹವಳ ಕಲ್ಲಲ್ಲ, ಜೀವ ಇರುವಂಥದ್ದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದಕ್ಕೆ ರಕ್ಷಣೆ ಇದೆ. ನೇತಾಡುವ ಒಂದು ಗೇಜ್ ದಿನಕ್ಕೆ ಎಷ್ಟು ಹವಳಕ್ಕೆ ಬಡಿಯುತ್ತದೆ ಅಂತ ಆಮೇಲೆ ನಾನು ಗಮನಿಸಲು ಶುರು ಮಾಡಿದೆ.

ನನ್ನ ಸಲಹೆ: ಕನ್ಸೋಲ್ ಒಡೆದು ಹಂಚಿಬಿಡಿ. ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರ್ ಮಣಿಕಟ್ಟಿಗೆ ಬರಲಿ. ದಿಕ್ಸೂಚಿಯೂ ಇನ್ನೊಂದು ಮಣಿಕಟ್ಟಿಗೆ. ಮೇಲೆ ಬರುವಾಗ ಎಡಗೈ ಜಾಕೆಟ್‌ನ ಗಾಳಿ ಹೊರಬಿಡುವ ಗುಂಡಿಯ ಮೇಲೆ ಇರುತ್ತದೆ, ಹಾಗಾಗಿ ಕಂಪ್ಯೂಟರ್ ಬಲಗೈಯಲ್ಲಿದ್ದರೆ ನೋಡುವುದು ಸುಲಭ. ಇನ್ನೊಂದು ಮಾತು. ಆಳದ ಗೇಜ್ ಮೈಯಿಂದ ಒಂದು ಮೀಟರ್ ಕೆಳಗೆ ನೇತಾಡುತ್ತಿದ್ದರೆ ಅದು ತೋರಿಸುವುದು ನಿಮ್ಮ ಆಳವನ್ನಲ್ಲ, ತನ್ನ ಆಳವನ್ನು. ಮೇಲೆ ಬರುವ ದಾರಿಯಲ್ಲಿ ಸುರಕ್ಷತೆಗೆ ಅಂತ 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವಾಗ ಆ ಒಂದು ಮೀಟರ್ ಸಣ್ಣದಲ್ಲ.

ಉಳಿದದ್ದು ಗಾಳಿಯ ಗೇಜ್ ಒಂದೇ. ಅದಕ್ಕೆ 60 ಸೆಂ.ಮೀ. ಪೈಪು ಸಾಕು. ಎಡ ತೋಳಿನ ಕೆಳಗಿಂದ ಬಂದು ಎಡ ಸೊಂಟದ ಡಿ-ರಿಂಗ್‌ಗೆ ಸಣ್ಣ ಬೋಲ್ಟ್ ಸ್ನ್ಯಾಪ್‌ನಿಂದ (ಸ್ಪ್ರಿಂಗ್ ಇರುವ ಲೋಹದ ಕೊಕ್ಕೆ) ಸಿಕ್ಕಿಸಿ. ನಿಮ್ಮ ಜಾಕೆಟ್‌ಗೆ ಸೊಂಟದಲ್ಲಿ ರಿಂಗ್ ಇಲ್ಲದಿದ್ದರೆ ಎದೆಯ ಕೆಳಗಿನ ಎಡ ರಿಂಗ್ ಆಗಬಹುದು. ಬೋಲ್ಟ್ ಸ್ನ್ಯಾಪನ್ನು ಗೇಜ್‌ಗೆ ಕಬ್ಬಿಣದ ರಿಂಗ್‌ನಿಂದ ಸೇರಿಸಬೇಡಿ, ಗಟ್ಟಿ ನೈಲಾನ್ ದಾರದಿಂದ ಕಟ್ಟಿ. ಯಾಕೆಂದರೆ ಎಲ್ಲಾದರೂ ಸಿಕ್ಕಿಕೊಂಡರೆ ದಾರವನ್ನು ಚಾಕುವಿನಿಂದ ಕತ್ತರಿಸಬಹುದು, ಕಬ್ಬಿಣವನ್ನು ಆಗುವುದಿಲ್ಲ. ಸಿಕ್ಕಿಸಿದಾಗ ಪೈಪು ಮೈಗೆ ಅಂಟಿರಬೇಕು. ಅದೇ ಹೊತ್ತಿಗೆ ಬಿಚ್ಚಿದರೆ ಮುಖದ ಮುಂದೆ ಬರುವಷ್ಟು ಸಡಿಲ ಇರಬೇಕು. ಇನ್ನೊಂದು ಎಚ್ಚರಿಕೆ: ಯಾವ ಪೈಪೂ ತೂಕದ ಬೆಲ್ಟ್ ಕೆಳಗೆ, ಜಾಕೆಟ್‌ನ ಸೊಂಟದ ಪಟ್ಟಿಯ ಕೆಳಗೆ ಹೋಗಬಾರದು. ಬೆಲ್ಟ್ ಬಿಚ್ಚಿ ಬಿಸಾಡಬೇಕಾದ ಹೊತ್ತಿಗೆ ಅದು ಪೈಪಿಗೆ ತೊಡರಿ ನಿಂತರೆ ಕಷ್ಟ.

ಗಾಳಿ ತುಂಬುವ ಇನ್‌ಫ್ಲೇಟರ್ ಪೈಪು ಎಡ ಭುಜದ ಮೇಲಿಂದ, ಜಾಕೆಟ್‌ನ ದಪ್ಪ ಸುಕ್ಕು ಕೊಳವೆಯ ಜೊತೆಗೇ ಬರಬೇಕು. ಭುಜದ ಮೇಲಿನ ಪಟ್ಟಿಯೊಳಗೆ ತೂರಿಸಿ. ಅದು ಉದ್ದವಾದರೆ ಕತ್ತಿನ ಹಿಂದೆ ಕುಣಿಕೆ ಆಗುತ್ತದೆ. ಒಂದೇ ಕೈಯಲ್ಲಿ ಅದರ ಜೋಡಣೆ ಬಿಚ್ಚುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಉಪ್ಪು ಕಟ್ಟಿ ಗುಂಡಿ ಒಳಗೇ ಕೂತುಬಿಟ್ಟರೆ ಜಾಕೆಟ್ ತಾನಾಗಿ ಉಬ್ಬಿ ನಿಮ್ಮನ್ನು ಮೇಲಕ್ಕೆ ಎಳೆಯುತ್ತದೆ, ಆಗ ಬಿಚ್ಚಲೇಬೇಕು.

ಬಾಯಿಯ ರೆಗ್ಯುಲೇಟರ್ ಬಲ ಭುಜದ ಮೇಲಿಂದ ಬರುತ್ತದೆ. ಅದರ ಅಳತೆ ನೋಡಲು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಬಾಯಿಂದ ಜಗ್ಗಿದಂತಾದರೆ ಪೈಪು ಗಿಡ್ಡ. ದವಡೆ ನೋವು ಬರುವುದು ಎಷ್ಟೋ ಸಲ ಇದರಿಂದಲೇ. ಇನ್ನು ಪೈಪಿಲ್ಲದ ವೈರ್‌ಲೆಸ್ ಗೇಜ್ ಬಗ್ಗೆ ನೀವು ಕೇಳಿಲ್ಲ, ಆದರೂ ಅಂಗಡಿಯವರು ತೋರಿಸುತ್ತಾರೆ. ಚೆನ್ನಾಗಿದೆ. ಬ್ಯಾಟರಿ ಮುಗಿದ ದಿನಕ್ಕೆ ಮುಳ್ಳಿನ ಗೇಜ್ ಒಂದು ಇರಲಿ, ಅಷ್ಟೇ.

ಈಗ ನಿಮ್ಮ ಅಂಗಡಿ ವಿಷಯ. ಹೈಡ್ರಾಲಿಕ್‌ನಲ್ಲಿ ಹೈ ಪ್ರೆಶರ್ ಪೈಪು ಒಡೆಯುವುದೇ ದೊಡ್ಡ ಭಯ. ಡೈವಿಂಗ್‌ನಲ್ಲಿ ಇದು ಉಲ್ಟಾ. ಸಿಲಿಂಡರ್ ವಾಲ್ವ್‌ಗೆ ಕೂರುವ, ನಾಲ್ಕೂ ಪೈಪು ಹೊರಡುವ ಭಾಗಕ್ಕೆ ಫಸ್ಟ್ ಸ್ಟೇಜ್ ಅಂತಾರೆ. ಫಸ್ಟ್ ಸ್ಟೇಜ್‌ನಿಂದ ಗಾಳಿಯ ಗೇಜ್‌ಗೆ ಹೋಗುವ ಪೈಪಿನಲ್ಲಿ ಸಿಲಿಂಡರ್‌ನ ಪೂರ್ತಿ 200 ಬಾರ್ ಇರುತ್ತದೆ. ಆದರೆ ಅದಕ್ಕೆ ಗಾಳಿ ಹೋಗುವ ತೂತು ಸೂಜಿಮೊನೆಯಷ್ಟು. ಮುಳ್ಳು ಅಲ್ಲಾಡಿಸಲು ಅಷ್ಟು ಸಾಕಲ್ವಾ? ಹಾಗಾಗಿ ಅದು ಒಡೆದರೂ ಗಾಳಿ ನಿಧಾನವಾಗಿ ಹೋಗುತ್ತದೆ, ಮೇಲೆ ಬರಲು ಸಮಯ ಸಿಗುತ್ತದೆ. ಉಳಿದ ಮೂರು ಲೋ ಪ್ರೆಶರ್ ಪೈಪುಗಳಲ್ಲಿ (ಬಾಯಿಯದ್ದು, ಆಕ್ಟೋಪಸ್, ಇನ್‌ಫ್ಲೇಟರ್) ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಮಾತ್ರ ಜಾಸ್ತಿ. ಆದರೆ ಅವುಗಳ ದಾರಿ ಅಗಲ. ಅವುಗಳಲ್ಲಿ ಒಂದು ಒಡೆದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ. ಲೋ ಪ್ರೆಶರ್ ಪೈಪು ಮಡಚಿದರೆ ಏನಾಯಿತು ಬಿಡು ಅಂತ ಬಿಡಬೇಡಿ. ಫಸ್ಟ್ ಸ್ಟೇಜ್‌ನಿಂದ ಹೊರಟ ಜಾಗದಲ್ಲಿ ಪೈಪು ಚೂಪಾಗಿ ಬಗ್ಗುತ್ತಿದ್ದರೆ ಅದನ್ನು ಬೇರೆ ಕೋನದ ಪೋರ್ಟ್‌ಗೆ (ಪೈಪು ಕೂರುವ ತೂತು) ಹಾಕಿಸಿ. ಪೋರ್ಟ್‌ಗಳ ಥ್ರೆಡ್ ಎರಡು ಥರ: ಲೋ ಪ್ರೆಶರ್ 3/8 ಇಂಚು, ಹೈ ಪ್ರೆಶರ್ 7/16 ಇಂಚು. ಒಂದರ ಪೈಪು ಇನ್ನೊಂದಕ್ಕೆ ಕೂರಬಾರದು ಅಂತಲೇ ಬೇರೆ ಇಟ್ಟಿದ್ದಾರೆ. ಅಡಾಪ್ಟರ್ ತಿರುಗಿಸಿ ಕೊಟ್ಟುಬಿಡುವುದು ನಿಮ್ಮ ಕಸುಬಿನಲ್ಲಿ ಎಡಗೈ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ: ಇಲ್ಲಿ ಬೇಡ.

ಕತ್ತರಿಸಿ ಕ್ರಿಂಪ್ ಮಾಡುವುದು, ಅಂದರೆ ತುದಿಗೆ ಫಿಟ್ಟಿಂಗ್ ಒತ್ತಿ ಕೂರಿಸುವುದು, ಯಾಕೆ ಬೇಡ? ನಿಮ್ಮ ಕ್ರಿಂಪಿಂಗ್ ಬಲ ಸಾಲುವುದಿಲ್ಲ ಅಂತಲ್ಲ. ಹೈಡ್ರಾಲಿಕ್ ಪೈಪಿನ ಒಳಪದರ ಎಣ್ಣೆಗೆ ಮಾಡಿದ್ದು, ಉಸಿರಿಗೆ ಮಾಡಿದ್ದಲ್ಲ. ಡೈವಿಂಗ್ ಪೈಪನ್ನೇ ಕತ್ತರಿಸಿದರೂ ನಿಮ್ಮ ಡೈ, ನಿಮ್ಮ ಫೆರೂಲ್ ಆ ಪೈಪಿನ ಗೋಡೆಗೆ ಅಳೆದು ಮಾಡಿದವಲ್ಲ. ಟೇಬಲ್ ಮೇಲಿನ ಎಣ್ಣೆ ಒಂದು ಹನಿ ಒಳಗೆ ಹೋದರೂ ಅದರ ಆವಿ ನಿಮ್ಮ ಶ್ವಾಸಕೋಶಕ್ಕೆ. ಗಿಡ್ಡ ಪೈಪು ತಯಾರಾಗಿಯೇ ಸಿಗುತ್ತದೆ. ಅದನ್ನೇ ಕೊಳ್ಳಿ, ರೆಗ್ಯುಲೇಟರ್ ಸರ್ವೀಸ್ ಮಾಡುವವರ ಕೈಲೇ ಹಾಕಿಸಿ. ಹಾಕುವ ಮೊದಲು ಈಗಿರುವ ಜೋಡಣೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಆದರೆ ನಿಮ್ಮ ಕಣ್ಣು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಪೈಪಿನ ತುದಿಗೆ ಹಾಕಿದ ರಬ್ಬರ್ ತೋಳು ಇದೆಯಲ್ಲ, ಅದನ್ನು ಆಗಾಗ ಹಿಂದೆ ಸರಿಸಿ ನೋಡಿ. ಉಪ್ಪು, ಹಸಿರು ಕಿಲುಬು, ಬಿರುಕು ಎಲ್ಲ ಅದರ ಕೆಳಗೇ ಅಡಗಿರುತ್ತದೆ. ಪೈಪನ್ನು ಬೆರಳಲ್ಲಿ ಬಗ್ಗಿಸಿ ಹೊರಮೈ ನೋಡಿ. ಆಮೇಲೆ ಸಿಲಿಂಡರ್‌ಗೆ ಜೋಡಿಸಿ, ವಾಲ್ವ್ ತೆರೆದು, ಪೈಪುಗಳಲ್ಲಿ ಗಾಳಿ ತುಂಬಿರುವಾಗಲೇ ಇಡೀ ಸೆಟ್ಟನ್ನು ನೀರಿನ ಟಬ್‌ನಲ್ಲಿ ಮುಳುಗಿಸಿ, ಸೈಕಲ್ ಪಂಕ್ಚರ್ ಅಂಗಡಿಯವನು ಟ್ಯೂಬ್ ನೋಡುವ ಹಾಗೆ. ಗೇಜ್ ಪೈಪಿಗೆ ಸೇರುವಲ್ಲಿ ಸಾಸಿವೆಯಷ್ಟು ಗುಳ್ಳೆ ಒಂದರ ಹಿಂದೆ ಒಂದು ಬರುತ್ತಿದ್ದರೆ, ಅಲ್ಲಿ ಗೇಜ್ ತಿರುಗಲು ಇಟ್ಟ ಪುಟ್ಟ ಕಡ್ಡಿಯ ಎರಡು ಓ-ರಿಂಗ್ (ರಬ್ಬರ್ ಉಂಗುರ) ಸವೆದಿವೆ ಅಂತ ಅರ್ಥ. ಹೆದರುವಂಥದ್ದಲ್ಲ, ಆದರೆ ಮುಂದಿನ ಡೈವ್‌ಗೆ ಮೊದಲು ಬದಲಿಸಿ. ಸಿಲಿಂಡರ್ ಮುಚ್ಚಿ, ಒಳಗಿನ ಗಾಳಿ ಪೂರ್ತಿ ಬಿಟ್ಟ ಮೇಲೇ ಸ್ಪ್ಯಾನರ್ ತಾಗಿಸಬೇಕು. ಗಾಳಿ ಬಿಟ್ಟಾಗ ಮುಳ್ಳು ಸೊನ್ನೆಗೆ ಬಂದು ಕೂರದಿದ್ದರೆ ಗೇಜೇ ಸರಿಯಿಲ್ಲ.

ವಾಲ್ವ್ ತೆರೆಯುವಾಗ ಗೇಜ್‌ನ ಗಾಜು ನಿಮ್ಮ ಮುಖದ ಕಡೆ, ಬೇರೆಯವರ ಮುಖದ ಕಡೆ ಇರಬಾರದು, ನೆಲದ ಕಡೆ ತಿರುಗಿಸಿ. ಆಮೇಲೆ ಗೇಜ್ ನೋಡುತ್ತಾ ನಾಲ್ಕು ಸಲ ಉಸಿರೆಳೆಯಿರಿ. ಉಸಿರೆಳೆದಾಗ ಮುಳ್ಳು ಕೆಳಗೆ ಬಿದ್ದು ಮತ್ತೆ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ದೋಣಿಯ ಮೇಲೆ ಅವಸರದಲ್ಲಿ ಈ ತಪ್ಪು ಆಗುತ್ತಲೇ ಇರುತ್ತದೆ. ನೀರಿಗಿಳಿಯುವ ಮೊದಲು ಇದನ್ನೊಂದು ಬಿಡಬೇಡಿ.

ವಾಪಸ್ ಬಂದ ಮೇಲೆ ಸೆಟ್ಟನ್ನು ಸಿಹಿನೀರಿನಲ್ಲಿ ಅದ್ದಿ ತೊಳೆಯಿರಿ. ನಿಮ್ಮ ಬೋರ್ ನೀರು ಗಡಸು ಇದ್ದರೆ ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ, ಅದಕ್ಕೆ ಮಲಪ್ರಭಾ ನೀರು ಬಂದ ದಿನ ಒಂದು ಬಕೆಟ್ ತೆಗೆದಿಡಿ. ಫಸ್ಟ್ ಸ್ಟೇಜ್ ಹಿಡಿದು ಮೊಳೆಗೆ ನೇತುಹಾಕಬೇಡಿ, ನಾಲ್ಕೂ ಪೈಪು ಬುಡದಲ್ಲೇ ಬಗ್ಗುತ್ತವೆ. ದೊಡ್ಡ ಸುರುಳಿ ಸುತ್ತಿ ಚೀಲದಲ್ಲಿಡಿ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ 5 ವರ್ಷಕ್ಕೆ ಪೈಪು ಬದಲಿಸುವುದು ನನ್ನ ರೂಢಿ.

ಹೊಸ ಪೈಪು ತರಿಸುವ ಮೊದಲು ಒಂದು ಸಂಜೆ ಮನೆಯ ಮಾಳಿಗೆ ಮೇಲೆ ಎಲ್ಲ ಸಾಮಾನು ಹಾಕಿಕೊಂಡು ನಿಲ್ಲಿ. ವೆಟ್‌ಸೂಟ್‌ನೂ ಹಾಕಿರಿ, ಅದರ ದಪ್ಪಕ್ಕೆ ಅಳತೆ ಬದಲಾಗುತ್ತದೆ. ಸುತಳಿ ಹಿಡಿದು ಫಸ್ಟ್ ಸ್ಟೇಜ್‌ನಿಂದ ಒಂದೊಂದೂ ಹೋಗಬೇಕಾದ ದಾರಿಯಲ್ಲಿ ಅಳೆಯಿರಿ. ನಿಮ್ಮ ಎತ್ತರಕ್ಕೆ ಬಾಯಿಯದ್ದು ಸುಮಾರು 70, ತೋಳಿನ ಕೆಳಗಿನ ಆಕ್ಟೋಪಸ್‌ಗೆ 100, ಗೇಜ್‌ಗೆ 60, ಇನ್‌ಫ್ಲೇಟರ್‌ಗೆ 60 ಸೆಂ.ಮೀ. ಹತ್ತಿರ ಬರಬಹುದು. ಸುತಳಿ ಬೇರೆ ಹೇಳಿದರೆ ಸುತಳಿಯ ಮಾತೇ ಕೇಳಿ. ಆಮೇಲೆ ಕಣ್ಣು ಮುಚ್ಚಿಕೊಳ್ಳಿ. ಮನೆಯವರು ಯಾರಾದರೂ ಎದುರು ಕೂತು "ಗೇಜ್ ಎಲ್ಲೈತಿ? ಹಳದಿದು ಎಲ್ಲೈತಿ?" ಅಂತ ಕೂಗಲಿ. ಮೊದಲ ದಿನ ಕೈ ತಡಕಾಡುತ್ತದೆ. ತಡಕಾಡುವುದು ನಿಂತ ಮೇಲೆ ನೇತ್ರಾಣಿಗೆ ದೋಣಿ ಬುಕ್ ಮಾಡಿ.